ಆಳ ಸಮುದ್ರದಲ್ಲಿ ಗಾಳ: ತಳದ ಚಾರ್ಟ್ ಮತ್ತು ಫಿಶ್ ಫೈಂಡರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಕಡೆಯಿಂದ ಚಿಕ್ಕ ಫೈಬರ್ ದೋಣಿಯಲ್ಲೋ ಬೋಟಿನಲ್ಲೋ ಹೊರಟು, 30 ಮೀಟರಿನಿಂದ 150 ಮೀಟರ್ ಆಳದ ನೀರಿನಲ್ಲಿ ಗಾಳ ಹಾಕುವವರಿಗಾಗಿ ಬರೆದದ್ದು ಇದು. ಟ್ರಾಲ್ ಬೋಟ್ ನಡೆಸುವ ತಾಂಡೇಲರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಹೊಸದಾಗಿ ಫಿಶ್ ಫೈಂಡರ್ ಮಷಿನ್ ಕೊಂಡು, ಪರದೆ ನೋಡಿ ತಲೆ ಕೆರೆದುಕೊಳ್ಳುವವರಿಗೆ ಪೂರ್ತಿ ಬೇಕಾಗಬಹುದು.

ಫಿಶ್ ಫೈಂಡರ್ ಇದ್ದರೆ ಸಾಲದಾ? ಚಾರ್ಟ್ ಯಾಕೆ?

ಫಿಶ್ ಫೈಂಡರ್ ನಿಮ್ಮ ದೋಣಿಯ ಕೆಳಗೆ ಏನಿದೆ ಅಂತ ಮಾತ್ರ ಹೇಳುತ್ತದೆ. ಮುಂದೆ ಏನಿದೆ, ಪಕ್ಕದಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಚಾರ್ಟ್, ಅಂದರೆ ಸಮುದ್ರದ ಆಳ ಮತ್ತು ತಳ ತೋರಿಸುವ ನಕ್ಷೆ, ಇಲ್ಲದೆ ಹೊರಟರೆ ಡೀಸೆಲ್ ಸುಟ್ಟುಕೊಂಡು ಸಮುದ್ರದಲ್ಲಿ ಸುಮ್ನೆ ಗೆರೆ ಎಳೆದ ಹಾಗೆ. ಚಾರ್ಟ್ ನೋಡಿದರೆ ಹುಡುಕಬೇಕಾದ ಜಾಗ ಒಂದೆರಡು ಮೈಲಿಗೆ ಇಳಿಯುತ್ತದೆ. ಆ ಒಂದೆರಡು ಮೈಲಿಯಲ್ಲಿ ಕಲ್ಲು ಸರಿಯಾಗಿ ಎಲ್ಲಿದೆ ಅಂತ ಹೇಳುವುದು ಮಷಿನ್.

ಇನ್ನೊಂದು ಮಾತು. ಹೆಚ್ಚಿನವರು ಮಷಿನ್ ಕೊಳ್ಳುವುದು ಮೀನು ನೋಡುವುದಕ್ಕೆ. ಗಾಳದವರಿಗೆ ಅದರಿಂದ ಜಾಸ್ತಿ ಲಾಭ ಇರುವುದು ನೆಲ ನೋಡುವುದರಲ್ಲಿ. ಮೀನು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಕಲ್ಲು ಅಲ್ಲೇ ಇರುತ್ತದೆ.

ನಮ್ಮ ಕರಾವಳಿಯ ಎದುರು ತಳ ಹೇಗಿದೆ?

ದಡದ ಹತ್ತಿರ ಬಹುಪಾಲು ಕೆಸರು. ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಹೊತ್ತು ತಂದ ಮಣ್ಣು ಸುಮಾರು 50-60 ಮೀಟರ್ ಆಳದವರೆಗೂ ಹರಡಿಕೊಂಡಿದೆ. ಈ ಭಾಗದಲ್ಲಿ ಗಂಟೆಗಟ್ಟಲೆ ಓಡಿದರೂ ಪರದೆಯಲ್ಲಿ ನೆಲ ಚಪ್ಪಟೆಯಾಗಿಯೇ ಇರುತ್ತದೆ.

ಅದನ್ನು ದಾಟಿದ ಮೇಲೆ ಆಟ ಬದಲಾಗುತ್ತದೆ. ಮರಳು, ಚಿಪ್ಪಿನ ಚೂರು, ಅಲ್ಲಲ್ಲಿ ಸುಣ್ಣಕಲ್ಲಿನ ದಿಬ್ಬ. ಇದಕ್ಕೆ ಕಾರಣ ಇದೆ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ಹೊತ್ತಿಗೆ, ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗ ನೀವು ಗಾಳ ಬಿಡುವ 80 ಮೀಟರ್ ಆಳ ಆಗ ಒಣ ನೆಲ. ಆಮೇಲೆ ನೀರು ಮೇಲೇರುತ್ತಾ ಬಂದಾಗ ಹಳೆಯ ದಡದ ಮರಳು, ಹವಳ ಬೆಳೆದ ದಿಬ್ಬಗಳು ಅಲ್ಲೇ ಮುಳುಗಿ ಉಳಿದವು. ನದಿಯ ಕೆಸರು ಅಷ್ಟು ದೂರ ಹೋಗಿ ಅವನ್ನು ಮುಚ್ಚಲಿಲ್ಲ. ಮುರು, ಕೆಂಬೇರಿಯಂಥ ಕಲ್ಲಿನ ಮೀನು ನಿಲ್ಲುವುದು ಇಂಥ ಕಡೆ. ನೂರು ಮೀಟರ್ ದಾಟಿದ ಮೇಲೆ ನೆಲ ಕಡಿದಾಗಿ ಇಳಿಯಲು ಶುರುವಾಗುತ್ತದೆ. ಅದೇ ಅಂಚು.

ಈ ಚಪ್ಪಟೆ ಭಾಗ ಮುಂಬೈ ಎದುರು ತುಂಬಾ ಅಗಲ. ದಕ್ಷಿಣಕ್ಕೆ ಬಂದಷ್ಟೂ ಕಿರಿದಾಗುತ್ತದೆ. ಹಾಗಾಗಿ ಮಂಗಳೂರಿನವರಿಗೆ ಅಂಚು ಮುಂಬೈನವರಿಗಿಂತ ಬಹಳ ಹತ್ತಿರ.

ಅಂಚಿನಾಚೆಯೂ ದಿಬ್ಬಗಳಿವೆಯಾ?

ಇವೆ. ಚಾರ್ಟಿನಲ್ಲಿ ಮಲ್ಪೆಯಿಂದ ನೇರ ಪಶ್ಚಿಮಕ್ಕೆ ಬೆರಳು ಸರಿಸಿ. ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ ಬಸಾಸ್ ಡಿ ಪೆಡ್ರೊ ಅನ್ನುವ ಮುಳುಗಿದ ದಿಬ್ಬ ಸಿಗುತ್ತದೆ. ಸುತ್ತ ಸಾವಿರ ಮೀಟರಿಗೂ ಜಾಸ್ತಿ ಆಳ, ನಡುವೆ ಹತ್ತಾರು ಮೀಟರ್ ಅಷ್ಟೇ. ಲಕ್ಷದ್ವೀಪದ ಸರಣಿಗೆ ಸೇರಿದ್ದು ಅದು. ಉತ್ತರಕ್ಕೆ, ಮಹಾರಾಷ್ಟ್ರದ ವಿಜಯದುರ್ಗದ ಎದುರು, ಆಂಗ್ರಿಯಾ ಬ್ಯಾಂಕ್ ಇದೆ. ದಿನದ ದೋಣಿಗೆ ಇವೆಲ್ಲ ಆಗುವ ಮಾತಲ್ಲ. ಕನ್ಯಾಕುಮಾರಿ ಜಿಲ್ಲೆಯ ತೂತೂರಿನವರ ಹಾಗೆ ವಾರಗಟ್ಟಲೆ ಹೊರಗಿರುವ ಗಾಳದ ಬೋಟುಗಳಿಗೆ ಮಾತ್ರ. ಆದರೆ ಚಾರ್ಟ್ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಗೆರೆಗಳು ಹೇಗೆ ಒತ್ತಿಕೊಂಡು ಬರುತ್ತವೆ ಅಂತ ಒಮ್ಮೆ ನೋಡಿ.

ಯಾವ ಚಾರ್ಟ್ ನಂಬಬೇಕು?

ನಮ್ಮ ದೇಶದ ಅಧಿಕೃತ ಚಾರ್ಟುಗಳನ್ನು ತಯಾರಿಸುವುದು ಡೆಹ್ರಾಡೂನ್‌ನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ಕಾಗದದಲ್ಲೂ ಸಿಗುತ್ತದೆ, ಎಲೆಕ್ಟ್ರಾನಿಕ್ ರೂಪದಲ್ಲೂ ಸಿಗುತ್ತದೆ. ಪ್ಲಾಟರ್‌ಗೆ (ದೋಣಿಯ ಜಾಗವನ್ನು ಚಾರ್ಟಿನ ಮೇಲೆ ತೋರಿಸುವ ಮಷಿನ್) ಹಾಕುವ ನಾವಿಯಾನಿಕ್ಸ್, ಸಿ-ಮ್ಯಾಪ್‌ನಂಥ ಕಾರ್ಡುಗಳು ಬೇರೆ. ಅವು ಅಧಿಕೃತ ಮಾಹಿತಿಯನ್ನು ತೆಗೆದುಕೊಂಡು ತಮ್ಮದೇ ರೀತಿಯಲ್ಲಿ ಕಟ್ಟಿದವು.

ಜೆಬ್ಕೊ ಅನ್ನುವ ಜಾಗತಿಕ ನಕ್ಷೆ ಇಂಟರ್‌ನೆಟ್‌ನಲ್ಲಿ ಉಚಿತ. 1903ರಲ್ಲಿ ಮೊನಾಕೊದ ರಾಜ ಒಂದನೇ ಆಲ್ಬರ್ಟ್ ಶುರು ಮಾಡಿಸಿದ ಕೆಲಸ, ಇವತ್ತಿಗೂ ನಡೆಯುತ್ತಿದೆ. ಮನೆಯಲ್ಲಿ ಕೂತು ಒಟ್ಟಾರೆ ತಳ ಹೇಗಿದೆ ಅಂತ ನೋಡಲು ಚೆನ್ನಾಗಿದೆ. ಆದರೆ ಅದರ ಒಂದೊಂದು ಚೌಕ ಸುಮಾರು 450 ಮೀಟರ್ ಅಗಲ. ಎಷ್ಟೋ ಕಡೆ ಅಳತೆಯೇ ಆಗಿಲ್ಲ, ಉಪಗ್ರಹದ ಮಾಹಿತಿಯಿಂದ ಅಂದಾಜು ಮಾಡಿ ತುಂಬಿದ್ದಾರೆ. ನಿಮಗೆ ಬೇಕಾದ 20 ಮೀಟರಿನ ಕಲ್ಲು ಅದರಲ್ಲಿ ಎಲ್ಲಿ ಕಾಣಬೇಕು? ಅದನ್ನು ನೋಡಿ ದೋಣಿ ಓಡಿಸಲೇಬೇಡಿ.

ಚಾರ್ಟಿನ ಮೇಲಿನ ಸಂಖ್ಯೆ, ಅಕ್ಷರಗಳ ಅರ್ಥ ಏನು?

ಸಂಖ್ಯೆ ಅಂದರೆ ಆಳ. ಈಗಿನ ಚಾರ್ಟಿನಲ್ಲಿ ಮೀಟರ್, ಹಳೆಯ ಬ್ರಿಟಿಷ್ ಚಾರ್ಟಿನಲ್ಲಿ ಫ್ಯಾದಮ್. ಒಂದು ಫ್ಯಾದಮ್ ಅಂದರೆ 6 ಅಡಿ, ಅಂದರೆ 1.83 ಮೀಟರ್. ನಮ್ಮ ಹಳಬರು ಕೈ ಚಾಚಿ ಹಗ್ಗ ಅಳೆಯುತ್ತಿದ್ದ ಮಾರಿಗೆ ಹತ್ತಿರ ಹತ್ತಿರ ಅಷ್ಟೇ. ಚಾರ್ಟ್ ತೆರೆದ ಕೂಡಲೇ ಮೊದಲು ಮೂಲೆಯಲ್ಲಿ ಯಾವ ಅಳತೆ ಅಂತ ನೋಡಿ. ಮೀಟರ್ ಚಾರ್ಟಿನಲ್ಲಿ ಸಂಖ್ಯೆಯ ಪಕ್ಕ ಕೆಳಗೆ ಚಿಕ್ಕ ಅಂಕಿ ಇದ್ದರೆ ಅದು ದಶಾಂಶ. 8ರ ಪಕ್ಕ ಚಿಕ್ಕ 5 ಇದ್ದರೆ ಎಂಟೂವರೆ ಮೀಟರ್.

ಅಕ್ಷರಗಳನ್ನು ಎಷ್ಟೋ ಜನ ನೋಡುವುದೇ ಇಲ್ಲ. ಗಾಳದವನಿಗೆ ಚಿನ್ನ ಇರುವುದೇ ಅಲ್ಲಿ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಆರ್ ಅಂದರೆ ಕಲ್ಲು, ಎಸ್‌ಎಚ್ ಚಿಪ್ಪು, ಸಿಒ ಹವಳ. ಹಿಂದಿನ ಕಾಲದಲ್ಲಿ ಸೀಸದ ಗುಂಡಿನ ತುದಿಗೆ ಕೊಬ್ಬು ಮೆತ್ತಿ ಕೆಳಗೆ ಬಿಡುತ್ತಿದ್ದರು. ಅದಕ್ಕೆ ಅಂಟಿಕೊಂಡು ಬಂದದ್ದನ್ನು ನೋಡಿ ನೆಲ ಎಂಥದ್ದು ಅಂತ ಬರೆದಿಡುತ್ತಿದ್ದರು. ಸುತ್ತ ಎಲ್ಲ ಎಂ, ನಡುವೆ ಒಂದೇ ಒಂದು ಆರ್ ಇದ್ದರೆ ಅಲ್ಲಿಗೆ ಒಮ್ಮೆ ಹೋಗಿ ಬರಲೇಬೇಕು.

ಆಳದ ಗೆರೆಗಳಲ್ಲಿ ಏನು ಹುಡುಕಬೇಕು?

ಗೆರೆಗಳು ದೂರ ದೂರ ಇದ್ದರೆ ನೆಲ ಚಪ್ಪಟೆ. ಒತ್ತಾಗಿ ಬಂದರೆ ಕಡಿದು. ನೇರ ಹೋಗುವ ಗೆರೆ ಒಂದು ಕಡೆ ಮೂಗಿನಂತೆ ಹೊರಗೆ ಚಾಚಿದ್ದರೆ ಅಲ್ಲಿ ನಿಲ್ಲಿ. ನೀರು ಹರಿಯುವಾಗ ಇಂಥ ಮೂಗಿಗೆ ತಾಗಿ ಮೇಲೇಳುತ್ತದೆ. ಚಿಕ್ಕ ಮೀನು ಅಲ್ಲಿ ಸೇರುತ್ತದೆ, ಅದನ್ನು ತಿನ್ನುವ ದೊಡ್ಡದೂ ಬರುತ್ತದೆ. ಒಂಟಿ ಸಂಖ್ಯೆಗಳನ್ನೂ ಬಿಡಬೇಡಿ. ಸುತ್ತ 62, 63, 62 ಇರುವಾಗ ನಡುವೆ 57 ಅಂತ ಇದ್ದರೆ ಅದು ಕೈತಪ್ಪಲ್ಲ. ಯಾರೋ ಅಳೆದು ಬರೆದ ದಿಬ್ಬ.

ಸ್ನೇಹಿತ ಕೊಟ್ಟ ಜಿಪಿಎಸ್ ಪಾಯಿಂಟ್‌ಗೆ ಹೋದರೆ ಕಲ್ಲೇ ಇಲ್ಲ. ಸುಳ್ಳು ಹೇಳಿದನಾ?

ಇರಬಹುದು! ಆದರೆ ಅದಕ್ಕೂ ಮೊದಲು ಅಂಕಿ ಬರೆದ ರೀತಿ ನೋಡಿ. 13 ಡಿಗ್ರಿ 21.30 ಮಿನಿಟ್ ಅನ್ನುವುದನ್ನು ನೀವು 13 ಡಿಗ್ರಿ 21 ಮಿನಿಟ್ 30 ಸೆಕೆಂಡ್ ಅಂತ ಹಾಕಿದ್ದೀರಿ ಅಂದುಕೊಳ್ಳಿ. 0.30 ಮಿನಿಟ್ ಅಂದರೆ 18 ಸೆಕೆಂಡ್, 30 ಅಲ್ಲ. ವ್ಯತ್ಯಾಸ 12 ಸೆಕೆಂಡ್. ಸಮುದ್ರದ ಮೇಲೆ ಅದು ಸುಮಾರು 370 ಮೀಟರ್. ಮನೆಯಷ್ಟು ದೊಡ್ಡ ಕಲ್ಲು ಹುಡುಕುವವನಿಗೆ 370 ಮೀಟರ್ ಅಂದರೆ ಬೇರೆ ಊರೇ ಆಯಿತು.

ಪಾಯಿಂಟ್ ಕೇಳುವಾಗ ಬರೆದುಕೊಳ್ಳಬೇಡಿ, ಅವರ ಪ್ಲಾಟರ್ ಪರದೆಯ ಫೋಟೋ ತೆಗೆದುಕೊಳ್ಳಿ. ಚುಕ್ಕಿ ಎಲ್ಲಿದೆ, ಸೆಕೆಂಡಿನ ಗುರುತು ಇದೆಯಾ ಅಂತ ಗೊತ್ತಾಗುತ್ತದೆ. ಹಳೆಯ ಕಾಗದದ ಚಾರ್ಟಿನಿಂದ ತೆಗೆದ ಪಾಯಿಂಟ್ ಆದರೆ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಆಧಾರ, ಕೂಡ ನೋಡಿ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಚಾರ್ಟ್ ಬೇರೆ ಡೇಟಮ್‌ನದ್ದಾದರೆ ಜಾಗ ಸರಿಯುತ್ತದೆ.

ಫಿಶ್ ಫೈಂಡರ್ ಪರದೆಯಲ್ಲಿ ಕಾಣುವುದು ನಿಜವಾಗಿ ಏನು?

ಕಳೆದುಹೋದ ಸಮಯ. ಇದೊಂದು ತಲೆಗೆ ಹೋದರೆ ಅರ್ಧ ಕಲಿತ ಹಾಗೆ.

ದೋಣಿಯ ಅಡಿಯಲ್ಲಿ ಕೂರಿಸಿದ ಟ್ರಾನ್ಸ್‌ಡ್ಯೂಸರ್ ಅನ್ನುವ ಭಾಗ ಶಬ್ದ ಬಿಡುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ನೂರು ಮೀಟರ್ ಕೆಳಗಿನ ನೆಲ ಮುಟ್ಟಿ ವಾಪಸ್ ಬರಲು ಸುಮಾರು 0.13 ಸೆಕೆಂಡ್. ಆ ಒಂದು ಪ್ರತಿಧ್ವನಿಯನ್ನು ಮಷಿನ್ ಪರದೆಯ ಬಲ ತುದಿಯಲ್ಲಿ ಒಂದು ಉದ್ದ ಗೆರೆಯಾಗಿ ಬರೆಯುತ್ತದೆ. ಮುಂದಿನದು ಬಂದಾಗ ಹಳೆಯದನ್ನು ಎಡಕ್ಕೆ ತಳ್ಳುತ್ತದೆ. ಹಾಗಾಗಿ ಬಲ ತುದಿ ಮಾತ್ರ ಈಗಿನದು. ಪರದೆಯ ನಡುವೆ ಕಾಣುವ ಮೀನು ನಿಮ್ಮ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸ್ವಲ್ಪ ಹೊತ್ತಿನ ಮುಂಚೆ ಕೆಳಗೆ ಇತ್ತು, ಅಷ್ಟೇ. ದೋಣಿ ನಿಲ್ಲಿಸಿದರೂ ಚಿತ್ರ ಓಡುತ್ತಲೇ ಇರುತ್ತದೆ. ಆಗ ಒಂದೇ ಮೀನು ಕೆಳಗೆ ನಿಂತಿದ್ದರೆ ಉದ್ದನೆ ಗೆರೆ ಬರುತ್ತದೆ. ಅದನ್ನು ನೋಡಿ ಹಾವಿನಷ್ಟು ಉದ್ದದ ಮೀನು ಅಂತ ಹಿಗ್ಗಬೇಡಿ.

ಮೀನು ನೋಡುವುದಕ್ಕೆ ಇಂಥ ಮಷಿನ್ ಮಾಡಿ ಮಾರಿದವರಲ್ಲಿ ಜಪಾನಿನವರು ಮೊದಲಿಗರು. ಫುರುನೊ ಕಂಪನಿ ನಾಗಸಾಕಿ ಸೀಮೆಯಲ್ಲಿ 1948ರಲ್ಲಿ ಫಿಶ್ ಫೈಂಡರನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಇಲ್ಲಿಗೆ ಪರದೆ ಬಣ್ಣಬಣ್ಣವಾಗಿದೆ, ತತ್ವ ಮಾತ್ರ ಅದೇ.

50 ಕಿಲೋಹರ್ಟ್ಜ್ ಇಡಬೇಕಾ, 200 ಇಡಬೇಕಾ?

50, 200 ಅನ್ನುವುದು ಮಷಿನ್ ಬಿಡುವ ಶಬ್ದದ ಕಂಪನಾಂಕ. 200ರ ಶಬ್ದ ಕಿರಿದಾಗಿ ಹೋಗುತ್ತದೆ, ವಿವರ ಚೆನ್ನಾಗಿ ಕೊಡುತ್ತದೆ, ಆದರೆ ಆಳಕ್ಕೆ ಹೋದಂತೆ ಬೇಗ ಸೊರಗುತ್ತದೆ. 50ರದ್ದು ಅಗಲವಾಗಿ ಹರಡುತ್ತದೆ, ಆಳಕ್ಕೆ ಹೋಗುತ್ತದೆ, ವಿವರ ಕಡಿಮೆ. ಲೆಕ್ಕ ಹಾಕಿ ನೋಡಿ. 12 ಡಿಗ್ರಿ ಕೋನದ ಶಬ್ದ 80 ಮೀಟರ್ ಆಳದಲ್ಲಿ ಸುಮಾರು 17 ಮೀಟರ್ ಅಗಲದ ಜಾಗ ನೋಡುತ್ತದೆ. 45 ಡಿಗ್ರಿಯದ್ದು ಅದೇ ಆಳದಲ್ಲಿ ಸುಮಾರು 66 ಮೀಟರ್ ಅಗಲ ನೋಡುತ್ತದೆ.

ಹಾಗಾಗಿ ಹುಡುಕುವಾಗ 50, ಸಿಕ್ಕ ಮೇಲೆ 200. ಪರದೆ ಎರಡು ಭಾಗ ಮಾಡಿ ಎರಡನ್ನೂ ಇಡಬಹುದು. ಕಲ್ಲು 50ರಲ್ಲಿ ಕಾಣುತ್ತಿದೆ, 200ರಲ್ಲಿ ಕಾಣುತ್ತಿಲ್ಲ ಅಂದರೆ ಅದು ಪಕ್ಕದಲ್ಲಿದೆ, ನೇರ ಕೆಳಗಿಲ್ಲ ಅಂತ ಅರ್ಥ. ದೋಣಿಯನ್ನು ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ ನೋಡಿ.

ಚರ್ಪ್ ಅಂದರೆ ಏನು? ಜಾಸ್ತಿ ದುಡ್ಡು ಕೊಡುವಷ್ಟು ಬೆಲೆ ಇದೆಯಾ?

ಒಂದೇ ಸ್ವರದ ಬದಲು ಒಂದು ಶ್ರೇಣಿಯ ಸ್ವರಗಳನ್ನು ಉದ್ದಕ್ಕೆ ಎಳೆದು ಬಿಡುತ್ತದೆ. ಹತ್ತಿರ ಹತ್ತಿರ ಇರುವ ಎರಡು ಮೀನು, ನೆಲಕ್ಕೆ ಅಂಟಿಕೊಂಡಿರುವ ಮೀನು ಬೇರೆ ಬೇರೆಯಾಗಿ ಕಾಣುತ್ತವೆ. ಗಾಳದವರಿಗೆ ಉಪಯೋಗ ಇದೆ. ಆದರೆ ದುಡ್ಡು ಕಡಿಮೆ ಇದ್ದರೆ ಮೊದಲು ಒಳ್ಳೆಯ ಟ್ರಾನ್ಸ್‌ಡ್ಯೂಸರಿಗೆ ಹಾಕಿ. ದೊಡ್ಡ ಪರದೆಗೆ ಆಮೇಲೆ.

ಗೇನ್ (ಪ್ರತಿಧ್ವನಿಯನ್ನು ಎಷ್ಟು ಜೋರು ಮಾಡಿ ತೋರಿಸಬೇಕು ಅನ್ನುವ ಆಯ್ಕೆ) ಆಟೋದಲ್ಲೇ ಬಿಟ್ಟರೆ ಆಗಲ್ವಾ?

ಆಗುತ್ತದೆ. ಬಂದರಿನಿಂದ ಹೊರಡುವವರೆಗೆ. ಆಳಕ್ಕೆ ಹೋದ ಮೇಲೆ ಕೈಯಲ್ಲೇ ಮಾಡಿ. ಮೊದಲು ರೇಂಜನ್ನು, ಅಂದರೆ ಪರದೆ ಎಷ್ಟು ಆಳದವರೆಗೆ ತೋರಿಸಬೇಕು ಅನ್ನುವುದನ್ನು, ನೀರಿನ ಆಳಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ಗೇನ್ ಏರಿಸುತ್ತಾ ಹೋಗಿ, ಪರದೆ ತುಂಬ ಚುಕ್ಕಿ ಬರುವವರೆಗೆ. ಆಮೇಲೆ ಚುಕ್ಕಿ ತೆಳ್ಳಗಾಗಿ ಅಲ್ಲೊಂದು ಇಲ್ಲೊಂದು ಉಳಿಯುವವರೆಗೆ ಇಳಿಸಿ. ಚುಕ್ಕಿ ಪೂರ್ತಿ ಹೋದರೆ ಪರದೆ ಚಂದ ಕಾಣುತ್ತದೆ, ಆದರೆ ಮೀನೂ ಅದರ ಜೊತೆಗೆ ಹೋಗಿರುತ್ತದೆ. ಮಾರಾಟದ ಅಂಗಡಿಯಲ್ಲಿ ತೋರಿಸುವ ಶುಭ್ರ ಚಿತ್ರ ಡೆಮೊ. ಸಮುದ್ರ ಹಾಗೆ ಕಾಣುವುದಿಲ್ಲ.

ಕೆಸರು, ಮರಳು, ಕಲ್ಲು ಹೇಗೆ ಗುರುತಿಸುವುದು?

ನೆಲದ ಗೆರೆಯ ಕೆಳಗಿನ ಬಾಲ ನೋಡಿ. ಗಟ್ಟಿ ನೆಲ ಶಬ್ದವನ್ನು ಜೋರಾಗಿ ವಾಪಸ್ ಕೊಡುತ್ತದೆ. ಕೆಂಪು ದಪ್ಪ, ಬಾಲ ಉದ್ದ. ಕೆಸರು ಶಬ್ದವನ್ನು ನುಂಗುತ್ತದೆ. ಕೆಂಪು ತೆಳ್ಳಗೆ, ಬಣ್ಣ ಬೇಗ ಮಾಸುತ್ತದೆ. ಗೇನ್ ಬದಲಿಸಿದರೆ ಬಾಲವೂ ಬದಲಾಗುತ್ತದೆ. ಹಾಗಾಗಿ ಹೋಲಿಸಿ ನೋಡುವಾಗ ಗೇನ್ ಮುಟ್ಟಬೇಡಿ.

ಇನ್ನೂ ನಂಬಿಕೆಯ ಗುರುತು ಎರಡನೇ ಪ್ರತಿಧ್ವನಿ. 40 ಮೀಟರ್ ಆಳದಲ್ಲಿದ್ದೀರಿ ಅಂದುಕೊಳ್ಳಿ. ರೇಂಜನ್ನು 100ಕ್ಕೆ ಇಡಿ. ಶಬ್ದ ನೆಲ ಮುಟ್ಟಿ, ಮೇಲೆ ಬಂದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ನೆಲಕ್ಕೆ ಹೋಗಿ ಬರುತ್ತದೆ. ಅದು 80ರ ಹತ್ತಿರ ಇನ್ನೊಂದು ನೆಲದ ಹಾಗೆ ಕಾಣುತ್ತದೆ. ಅದು ಗಾಢವಾಗಿ ಕಂಡರೆ ಕೆಳಗೆ ಗಟ್ಟಿ ನೆಲ. ಕೆಸರಿನ ಮೇಲೆ ಹೋದಾಗ ಮಸುಕಾಗುತ್ತದೆ ಅಥವಾ ಮಾಯವಾಗುತ್ತದೆ. ಚಪ್ಪಟೆ ಕೆಸರಿನ ಮೇಲೆ ಓಡುತ್ತಿರುವಾಗ ಎರಡನೇ ಗೆರೆ ತಟ್ಟನೆ ಕೆಂಪಾದರೆ, ಮೊದಲ ಗೆರೆ ಏಳದಿದ್ದರೂ ಪಾಯಿಂಟ್ ಹಾಕಿ. ಎತ್ತರವೇ ಇಲ್ಲದ ಗಟ್ಟಿ ನೆಲದ ತುಂಡಿನಲ್ಲೂ ಮೀನು ನಿಲ್ಲುತ್ತದೆ. ಬೇರೆಯವರು ಅದನ್ನು ನೋಡದೆ ಹೋಗಿರುತ್ತಾರೆ ಅನ್ನುವುದು ಇನ್ನೊಂದು ಲಾಭ.

ಮೀನಿನ ಚಿತ್ರ ತೋರಿಸುವ ಆಯ್ಕೆ ಇದೆಯಲ್ಲ, ಅದನ್ನು ಹಾಕಿದರೆ?

ಆಫ್ ಮಾಡಿ. ಗುಳ್ಳೆ, ಕಸ, ಜೆಲ್ಲಿ ಮೀನು ಎಲ್ಲದಕ್ಕೂ ಅದು ಮೀನಿನ ಚಿತ್ರ ಬರೆಯುತ್ತದೆ.

ಯಾವ ಮೀನು ಅಂತ ಹೇಳಲು ಆಗುತ್ತದಾ?

ಹೆಸರು ಹೇಳಲು ಆಗುವುದಿಲ್ಲ, ಊಹೆ ಮಾಡಬಹುದು. ಮೀನಿನಿಂದ ಬರುವ ಪ್ರತಿಧ್ವನಿಯಲ್ಲಿ ದೊಡ್ಡ ಪಾಲು ಅದರ ಹೊಟ್ಟೆಯೊಳಗಿನ ಗಾಳಿಚೀಲದ್ದು. ಮಾಂಸ ನೀರಿನಂತೆಯೇ ಶಬ್ದವನ್ನು ಬಹುಪಾಲು ದಾಟಿಸಿಬಿಡುತ್ತದೆ. ತೊರಕೆ, ಶಾರ್ಕ್, ಬೊಂಡಾಸ್‌ಗಳಿಗೆ ಗಾಳಿಚೀಲ ಇಲ್ಲ. ದೊಡ್ಡ ತೊರಕೆ ಕೆಳಗೇ ಮಲಗಿದ್ದರೂ ಪರದೆ ಸುಮ್ಮನಿರಬಹುದು.

ಬಿಲ್ಲಿನ ಆಕಾರ ಬರುವುದು ಮೀನು ಶಬ್ದದ ಕೋನದೊಳಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋದಾಗ. ಅಂಚಿನಲ್ಲಿರುವಾಗ ದೂರ ಜಾಸ್ತಿ, ನಡುವೆ ಬಂದಾಗ ಕಡಿಮೆ. ಬಿಲ್ಲಿನ ಉದ್ದ ನೋಡಬೇಡಿ, ದಪ್ಪ ಮತ್ತು ಬಣ್ಣ ನೋಡಿ. ಬಂಗುಡೆ, ಬೂತಾಯಿಯ ಹಿಂಡು ಮೋಡದ ಹಾಗೆ ಕಾಣುತ್ತದೆ. ಕಲ್ಲಿಗೆ ಅಂಟಿಕೊಂಡಿರುವ ಮುರು ಕಲ್ಲಿನ ಜೊತೆಯೇ ಸೇರಿಹೋಗಿರುತ್ತದೆ. ಅದಕ್ಕಾಗಿಯೇ ವೈಟ್ ಲೈನ್ (ನೆಲವನ್ನು ಬೇರೆ ಬಣ್ಣದಲ್ಲಿ ತೋರಿಸುವ ಆಯ್ಕೆ) ಮತ್ತು ಬಾಟಮ್ ಲಾಕ್ ಇರುವುದು. ಬಾಟಮ್ ಲಾಕ್ ಹಾಕಿದರೆ ನೆಲದ ಮೇಲಿನ 5 ಅಥವಾ 10 ಮೀಟರ್ ಮಾತ್ರ ಹಿಗ್ಗಿ ಕಾಣುತ್ತದೆ. ಗಾಳದವರು ಪರದೆಯ ಅರ್ಧವನ್ನು ಅದಕ್ಕೇ ಬಿಡುವುದು ಒಳ್ಳೆಯದು.

ನಡು ನೀರಿನಲ್ಲಿ ಮಂಜಿನ ಹಾಗೆ ಅಡ್ಡಗೆರೆ ಕಾಣುತ್ತದೆ. ಮಷಿನ್ ಕೆಟ್ಟಿದೆಯಾ?

ಇಲ್ಲ. ಎರಡು ಸಾಧ್ಯತೆ. ಒಂದು, ಮೇಲಿನ ಬೆಚ್ಚಗಿನ ನೀರು ಕೆಳಗಿನ ತಣ್ಣಗಿನ ನೀರಿಗೆ ಸೇರುವ ಜಾಗ. ಇನ್ನೊಂದು, ಚಿಕ್ಕ ಚಿಕ್ಕ ಜೀವಿಗಳ ಪದರ. ಹಗಲು ಕೆಳಗೆ ಇಳಿದು, ಸಂಜೆ ಮೇಲೇರುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೋನಾರ್ ಹಾಕಿದವರು ಇದನ್ನು ಸಮುದ್ರದ ತಳ ಅಂತಲೇ ತಿಳಿದುಕೊಂಡಿದ್ದರು. ಅಂಚಿನಾಚೆಯ ಆಳದಲ್ಲಿ ಸಂಜೆ ಹೊತ್ತು ನಿಂತು ನೋಡಿ. ಆ ಪದರ ನಿಧಾನವಾಗಿ ಮೇಲೆ ಬರುವುದು ಪರದೆಯಲ್ಲಿ ಕಾಣುತ್ತದೆ. ಅದರ ಹಿಂದೆಯೇ ತಿನ್ನುವ ಮೀನೂ ಬರುತ್ತದೆ.

ಬ್ಯಾನ್ ಮುಗಿದು ಆಗಸ್ಟ್‌ನಲ್ಲಿ ಹೋದರೆ ಒಳ್ಳೆಯ ಕಲ್ಲಿನ ಮೇಲೂ ತಳ ಖಾಲಿ. ಯಾಕೆ?

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಅದೇ ಮಳೆಗಾಲದಲ್ಲಿ ಹೊರಗಿನ ಆಳದ ತಣ್ಣಗಿನ ನೀರು ನಮ್ಮ ದಡದ ಕಡೆ ಮೇಲೇರಿ ಬರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ದಡದ ಹತ್ತಿರ ಬಂದ ಮೇಲೆ ಇನ್ನೂ ಕಡಿಮೆಯಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೆಲವು ಕಡೆ ತಳದಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. ಮೇಲೆ ಬೂತಾಯಿ, ಬಂಗುಡೆಗೆ ಹಬ್ಬ. ತಳದ ಮೀನು ಜಾಗ ಖಾಲಿ ಮಾಡಿರುತ್ತದೆ.

ಆಗ ಮಷಿನ್‌ನಲ್ಲಿ ಆ ಅಡ್ಡಗೆರೆ ತುಂಬಾ ಮೇಲೆ ಕಾಣುತ್ತದೆ. ಗೆರೆಯ ಕೆಳಗೆ ಏನೂ ಇಲ್ಲ, ಮೇಲೆ ಮಾತ್ರ ಗುರುತುಗಳಿವೆ ಅಂದರೆ ದಾರದ ತುದಿಯ ಭಾರದ ಗುಂಡನ್ನು ನೆಲಕ್ಕೆ ಬಿಡುವುದು ವ್ಯರ್ಥ. ಗಾಳವನ್ನು ಗೆರೆಯ ಮೇಲೇ ನಿಲ್ಲಿಸಿ. ಚಳಿಗಾಲದ ಹೊತ್ತಿಗೆ ಆ ತಣ್ಣಗಿನ ನೀರು ಇಳಿದುಹೋಗಿರುತ್ತದೆ, ಅದೇ ಕಲ್ಲಿಗೆ ಮತ್ತೆ ಹೋಗಿ. ಕಲ್ಲು ಕೆಟ್ಟದ್ದು ಅಂತ ಪಾಯಿಂಟ್ ಅಳಿಸಿಬಿಟ್ಟವರು ಎಷ್ಟೋ ಜನ!

ಅಂಚಿನ ಹತ್ತಿರ ಮಷಿನ್ ತಪ್ಪು ಆಳ ತೋರಿಸುತ್ತದೆ ಅನ್ನುತ್ತಾರೆ. ನಿಜಾನಾ?

ನಿಜ. ಶಬ್ದ ಅಗಲವಾಗಿ ಹರಡುತ್ತದೆ ಅಂದೆವಲ್ಲ. ನೆಲ ಓರೆಯಾಗಿದ್ದರೆ ಮೊದಲು ವಾಪಸ್ ಬರುವುದು ಹತ್ತಿರದ ಮೇಲಿನ ಬದಿಯ ಪ್ರತಿಧ್ವನಿ. ಮಷಿನ್ ಅದನ್ನೇ ಆಳ ಅಂತ ಹೇಳುತ್ತದೆ. ನಿಮ್ಮ ನೇರ ಕೆಳಗೆ, ಆ ಗೆರೆಗಿಂತಲೂ ಕೆಳಗೆ, ಇನ್ನೂ ನೀರಿರುತ್ತದೆ. ಅಲ್ಲಿರುವ ಮೀನು ನೆಲದ ಬಣ್ಣದೊಳಗೆ ಮುಳುಗಿಹೋಗುತ್ತದೆ. ಇಂಥ ಕಡೆ 200 ಬಳಸಿ. ಗುಂಡು ನೆಲ ಮುಟ್ಟಿದಾಗ ದಾರ ಎಷ್ಟು ಹೋಯಿತು ಅಂತ ನೋಡಿ. ದಾರ ಸುಳ್ಳು ಹೇಳುವುದಿಲ್ಲ, ನೀರಿನ ಸೆಳೆತಕ್ಕೆ ಬಾಗಿರದಿದ್ದರೆ.

ಚಾರ್ಟಿನ ಆಳಕ್ಕೂ ಮಷಿನ್ ಆಳಕ್ಕೂ ಹೊಂದುವುದಿಲ್ಲ.

ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಚಾರ್ಟಿನ ಆಳ ತೀರಾ ಇಳಿತದ ಮಟ್ಟದಿಂದ ಲೆಕ್ಕ. ನಮ್ಮಲ್ಲಿ ಉಬ್ಬರ ಇಳಿತ ಒಂದೂವರೆ ಮೀಟರಿನ ಆಸುಪಾಸು, ಆಳದ ನೀರಿನಲ್ಲಿ ಅದು ಲೆಕ್ಕಕ್ಕಿಲ್ಲ. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ ಅಂತ ಮಷಿನಿಗೆ ಹೇಳಿದ್ದೀರಾ ನೋಡಿ. ಇನ್ನೊಂದು, ಮಷಿನ್ ಸಾಮಾನ್ಯವಾಗಿ 1500 ಮೀಟರ್ ವೇಗ ಅಂತ ಲೆಕ್ಕ ಹಾಕುತ್ತದೆ. ನಮ್ಮ ಬೆಚ್ಚಗಿನ ಉಪ್ಪು ನೀರಿನಲ್ಲಿ ಅದು 1540ರ ಹತ್ತಿರ. 100 ಮೀಟರ್ ಅಂತ ತೋರಿಸಿದರೆ ನಿಜವಾಗಿ 102-103 ಇರಬಹುದು. ಇದಕ್ಕಿಂತ ತುಂಬಾ ಜಾಸ್ತಿ ವ್ಯತ್ಯಾಸ ಬಂದರೆ ಚಾರ್ಟ್ ಹಳೆಯದು, ಅಥವಾ ನೀವು ಮೀಟರಿನ ಬದಲು ಫ್ಯಾದಮ್ ಓದುತ್ತಿದ್ದೀರಿ.

ವೇಗ ಹೆಚ್ಚಿಸಿದ ಕೂಡಲೇ ಚಿತ್ರ ಹೋಗುತ್ತದೆ.

ಗುಳ್ಳೆ. ಟ್ರಾನ್ಸ್‌ಡ್ಯೂಸರ್ ಮುಂದೆ ಗಾಳಿ ಬಂದರೆ ಶಬ್ದ ಅಲ್ಲೇ ಸಾಯುತ್ತದೆ. ದೋಣಿ ತಳ್ಳುವ ಫ್ಯಾನಿನಿಂದ ದೂರ, ಅಡಿಭಾಗ ನಯವಾಗಿರುವ ಕಡೆ ಕೂರಿಸಬೇಕು. ಗಟ್ಟಿ ಫೈಬರ್ ಆದರೆ ಒಳಗಿನಿಂದಲೇ ಅಂಟಿಸಬಹುದು, ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ ಅಷ್ಟೇ. ಮರದ ಅಡಿಯಾದರೆ ಶಬ್ದ ದಾಟುವುದಿಲ್ಲ, ತೂತು ಮಾಡಿಯೇ ಹಾಕಬೇಕು. ಬ್ಯಾನ್ ಹೊತ್ತಿನಲ್ಲಿ ಬೋಟ್ ಮೇಲೆ ಎಳೆದಾಗ ಅದರ ಮುಖಕ್ಕೆ ಅಂಟಿದ ಚಿಪ್ಪು, ಪಾಚಿ ತೆಗೆಸಿ. ಕತ್ತಿಯಿಂದ ಕೆರೆಯಬೇಡಿ. ಬೋಟಿಗೆ ಹೊಡೆಯುವ ಪೇಂಟನ್ನು ಅದಕ್ಕೂ ಬಳಿಯುವ ಹುಡುಗರ ಮೇಲೆ ಒಂದು ಕಣ್ಣಿಡಿ.

ಚಿತ್ರದ ಮೇಲೆ ಓರೆ ಓರೆ ಚುಕ್ಕಿಗೆರೆ ಬಂದರೆ ಅದು ಬೇರೆ. ಪಕ್ಕದ ಬೋಟಿನ ಮಷಿನ್ ಶಬ್ದ ನಿಮ್ಮದಕ್ಕೆ ಕೇಳುತ್ತಿದೆ. ಇಂಟರ್‌ಫಿಯರೆನ್ಸ್ ಕಡಿಮೆ ಮಾಡುವ ಆಯ್ಕೆ ಹಾಕಿ.

ಕಲ್ಲು ಸಿಕ್ಕಿತು. ಅದರ ಮೇಲೆ ನಿಲ್ಲುವುದು ಹೇಗೆ?

ಮೊದಲು ಪಾಯಿಂಟ್ ಸರಿಯಾಗಿ ಹಾಕಿ. 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ 3 ಮೀಟರ್ ಓಡುತ್ತದೆ. ನೀವು ನೋಡಿ, ಕೂಗಿ, ಗುಂಡಿ ಒತ್ತುವ ಹೊತ್ತಿಗೆ 15 ಮೀಟರ್ ಹೋಗಿರುತ್ತದೆ. ಪ್ಲಾಟರ್ ಜೊತೆಗಿರುವ ಮಷಿನ್ ಆದರೆ ಕರ್ಸರನ್ನು ಪರದೆಯಲ್ಲಿ ಹಿಂದಕ್ಕೆ ಎಳೆದು ಕಲ್ಲಿನ ತುದಿಯ ಮೇಲೆ ಇಟ್ಟು ಮಾರ್ಕ್ ಮಾಡಿ. ಹೆಚ್ಚಿನ ಮಷಿನ್‌ಗಳಲ್ಲಿ ಆ ಕ್ಷಣದ ಜಾಗವೇ ದಾಖಲಾಗುತ್ತದೆ. ಆಮೇಲೆ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಅಡ್ಡಡ್ಡ ಓಡಿಸಿ ಕಲ್ಲು ಎಷ್ಟು ಉದ್ದ, ಯಾವ ಬದಿ ಕಡಿದು ಅಂತ ನೋಡಿಕೊಳ್ಳಿ.

80 ಮೀಟರ್ ನೀರಿನಲ್ಲಿ ಚಿಕ್ಕ ದೋಣಿಗೆ ಲಂಗರು ಹಾಕುವುದು ಕಷ್ಟ. ಹಗ್ಗ ಆಳದ ಮೂರು ಪಟ್ಟಾದರೂ ಬೇಕು, ಕಲ್ಲಿಗೆ ಸಿಕ್ಕಿಕೊಂಡರೆ ಲಂಗರೂ ಹೋಯಿತು. ತೇಲಿಸುವುದೇ ಸುಲಭ. ಕಲ್ಲಿನ ಹತ್ತಿರ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಸುಮ್ಮನಿರಿ. ಪ್ಲಾಟರ್ ಮೇಲೆ ದೋಣಿ ಎಳೆದ ಗೆರೆ ನೋಡಿ. ಗಾಳಿ, ನೀರು ಎರಡೂ ಸೇರಿ ನಿಮ್ಮನ್ನು ಒಯ್ಯುವ ದಾರಿ ಅದು. ಅದೇ ಗೆರೆಯನ್ನು ಕಲ್ಲಿನ ಆಚೆ ಬದಿಗೆ ಹಿಂದಕ್ಕೆ ಎಳೆದುಕೊಂಡು, ಅಲ್ಲಿಂದ ಶುರು ಮಾಡಿ. ನಮ್ಮ ಕರಾವಳಿಯ ದೊಡ್ಡ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಆದರೂ ಆ ದಿನದ ನೀರನ್ನು ಆ ದಿನವೇ ನೋಡಬೇಕು.

200ರಲ್ಲಿ ನಿಮ್ಮ ಗುಂಡು ಇಳಿಯುವುದು ಓರೆಗೆರೆಯಾಗಿ ಕಾಣುತ್ತದೆ. ಅರ್ಧಕ್ಕೆ ಮಾಯವಾದರೆ ಸೆಳೆತ ಅದನ್ನು ಕೋನದಾಚೆ ಒಯ್ದಿದೆ. ಭಾರ ಹೆಚ್ಚಿಸಿ.

ಇನ್‌ಕೋಯಿಸ್ ಕೊಡುವ ಮೀನಿನ ಮಾಹಿತಿ ಇದ್ದರೆ ಇದೆಲ್ಲ ಬೇಕಾ?

ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕೋಯಿಸ್ ಉಪಗ್ರಹದಿಂದ ನೀರಿನ ಮೇಲ್ಮೈಯ ಬಿಸಿ ಮತ್ತು ಹಸಿರು ಪಾಚಿಯ ಪ್ರಮಾಣ ನೋಡಿ, ಮೀನು ಸೇರಬಹುದಾದ ಜಾಗದ ದಿಕ್ಕು, ದೂರ, ಆಳ ಹೇಳುತ್ತದೆ. ಕನ್ನಡದಲ್ಲೂ ಸಿಗುತ್ತದೆ. ಬಂಗುಡೆ, ಕೇದರದಂಥ ಮೇಲ್ನೀರಿನ ಮೀನಿಗೆ ಬಹಳ ಉಪಯೋಗ. ಕಲ್ಲಿನೊಳಗೆ ಕೂತ ಮುರುವಿನ ವಿಷಯ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ಮೋಡ ಜಾಸ್ತಿ ಇದ್ದರೆ ಮಾಹಿತಿಯೂ ಇರುವುದಿಲ್ಲ. ಅದು ತೋರಿಸಿದ ಜಾಗದೊಳಗೆ ನಿಮ್ಮ ಹಳೆಯ ಕಲ್ಲು ಯಾವುದಾದರೂ ಬಿದ್ದರೆ ಆ ದಿನ ಮೊದಲು ಅಲ್ಲಿಗೇ ಹೋಗಿ.

ಮುಳುಗಿದ ಹಡಗುಗಳು ಚಾರ್ಟಿನಲ್ಲಿ ಇರುತ್ತವಾ?

ಗೊತ್ತಿರುವವು ಇರುತ್ತವೆ. ಹೊಸದು ನಿಮ್ಮ ಹಳೆಯ ಕಾರ್ಡಿನಲ್ಲಿ ಇರುವುದಿಲ್ಲ. 2025ರ ಮೇ 25ರಂದು ಕೊಚ್ಚಿಯ ಎದುರು ಎಂಎಸ್‌ಸಿ ಎಲ್ಸಾ 3 ಕಂಟೇನರ್ ಹಡಗು ಮುಳುಗಿತು. ಅದಕ್ಕಿಂತ ಮುಂಚೆ ಕೊಂಡ ಕಾರ್ಡಿಗೆ ಆ ಜಾಗ ಇನ್ನೂ ಬರೀ ಕೆಸರು. ಹೈಡ್ರೋಗ್ರಾಫಿಕ್ ಆಫೀಸ್ ಹದಿನೈದು ದಿನಕ್ಕೊಮ್ಮೆ ನಾವಿಕರಿಗೆ ಸೂಚನೆ ಹೊರಡಿಸುತ್ತದೆ. ಅದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಕಾರ್ಡನ್ನೂ ಆಗಾಗ ಅಪ್‌ಡೇಟ್ ಮಾಡಿಸಿ.

ಮುಳುಗಿದ ಬೋಟನ್ನು ಹುಡುಕುವುದೂ ಇದೇ ಶಬ್ದದಿಂದ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋಗಿ ಏಳು ಜನರ ಜೊತೆ ಕಾಣೆಯಾದ ಸುವರ್ಣ ತ್ರಿಭುಜ ಬೋಟಿನ ಅವಶೇಷವನ್ನು 2019ರ ಮೇನಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಎದುರು ಪತ್ತೆ ಮಾಡಿತು. ಅಲ್ಲಿ ಆಳ ಸುಮಾರು 60 ಮೀಟರ್.

ಎಲ್ಲಿ ಹೋಗಬಾರದು, ಏನು ಮಾಡಬಾರದು?

ಚಾರ್ಟಿನಲ್ಲಿ ಅಲೆಅಲೆಯಾದ ಗೆರೆ ಕಂಡರೆ ಸಮುದ್ರದಡಿಯ ಕೇಬಲ್. ಅಲ್ಲಿ ಲಂಗರು ಬೇಡ. ಮಂಗಳೂರಿನ ಎದುರು ಹಡಗಿನಿಂದ ಕಚ್ಚಾ ತೈಲ ಇಳಿಸುವ ತೇಲುಬುರುಡೆ (ಬಾಯ್) ಮತ್ತು ಅದರ ಪೈಪ್‌ಲೈನ್ ಇದೆ. ಅಲ್ಲಿ ಮೀನು ಚೆನ್ನಾಗಿ ಕಾಣುತ್ತದೆ ಅಂತ ಆಸೆಪಡಬೇಡಿ, ದೂರ ಇರಿ. ಹಿಂಡು ಕಂಡಿತು ಅಂತ ಜನರೇಟರ್ ಹಾಕಿ ಎಲ್‌ಇಡಿ ದೀಪ ಬಿಡುವುದೂ ಬೇಡ. ಬೆಳಕಿನ ಮೀನುಗಾರಿಕೆಯನ್ನೂ ಎರಡು ಬೋಟ್ ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಮಷಿನ್ ಆಫ್ ಆದರೆ?

ಒಂದು ದಿನ ಆಗಿಯೇ ಆಗುತ್ತದೆ. ದಿಕ್ಸೂಚಿ, ಬಂದರಿನ ದಿಕ್ಕು ಬರೆದ ಕಾಗದ, ಬೇರೆ ಬ್ಯಾಟರಿಯ ವಿಎಚ್‌ಎಫ್ ರೇಡಿಯೋ ಜೊತೆಗಿರಲಿ. ತುರ್ತಿಗೆ ಚಾನೆಲ್ 16. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554.

ಪಾಯಿಂಟ್‌ಗಳನ್ನು ಹೇಗೆ ಬರೆದಿಡುವುದು?

ಮಷಿನ್ ಒಳಗೆ ಮಾತ್ರ ಇಡಬೇಡಿ. ಒಂದು ನೋಟ್‌ಬುಕ್ ಇರಲಿ. ಅಂಕಿಯ ಜೊತೆ ಸುತ್ತಲಿನ ವಿಷಯ ಬರೆಯಿರಿ. ಉದಾಹರಣೆಗೆ: "62 ಮೀ. ಕಲ್ಲು 4 ಮೀ ಎತ್ತರ, ಉತ್ತರ-ದಕ್ಷಿಣ ಉದ್ದ, ಪಶ್ಚಿಮ ಬದಿ ಕಡಿದು. ಎರಡನೇ ಗೆರೆ ಕೆಂಪು. ನೀರು ಉತ್ತರಕ್ಕೆ. ಜನವರಿ, ಬೆಳಿಗ್ಗೆ 6. ಮುರು, ದಕ್ಷಿಣ ತುದಿಯಲ್ಲಿ." ಒಂದು ವರ್ಷ ಹೀಗೆ ಬರೆದರೆ ಯಾವ ನೀರಿಗೆ ಯಾವ ತುದಿ ಅಂತ ನಿಮಗೇ ಕಾಣಲು ಶುರುವಾಗುತ್ತದೆ. ಯಾವ ಕಂಪನಿಯ ಕಾರ್ಡಿನಲ್ಲೂ ಇದು ಸಿಗುವುದಿಲ್ಲ. ಖಾಲಿ ಬಂದ ದಿನವನ್ನೂ ಬರೆಯಿರಿ.

ಮೀನು ಕಾಣುತ್ತದೆ, ಕಚ್ಚುವುದಿಲ್ಲ. ಏನು ಮಾಡುವುದು?

ಮೊದಲು ಅದು ಯಾವ ಎತ್ತರದಲ್ಲಿದೆ ನೋಡಿ. ನೆಲದಿಂದ 15 ಮೀಟರ್ ಮೇಲೆ ಗುರುತು ಇದ್ದು ನಿಮ್ಮ ಗಾಳ ನೆಲದಲ್ಲಿದ್ದರೆ ಇಬ್ಬರಿಗೂ ಭೇಟಿಯೇ ಇಲ್ಲ. ದಾರಕ್ಕೆ 10 ಮೀಟರಿಗೊಂದು ಬಣ್ಣದ ಗುರುತು ಇದ್ದರೆ ಸರಿಯಾದ ಎತ್ತರಕ್ಕೆ ತರುವುದು ಸುಲಭ. ಆಮೇಲೆ ತೇಲುವ ದಾರಿ ನೋಡಿ. 50ರಲ್ಲಿ ಕಂಡ ಮೀನು 30 ಮೀಟರ್ ಪಕ್ಕದಲ್ಲಿರಬಹುದು. ಎರಡೂ ಸರಿಯಿದ್ದು ಕಚ್ಚದಿದ್ದರೆ ಗಾಳ ಸಣ್ಣದು ಮಾಡಿ, ಸತ್ತ ಬೂತಾಯಿಯ ಬದಲು ಬೊಂಡಾಸ್ ತುಂಡು ಹಾಕಿ ನೋಡಿ. ಅದಕ್ಕೂ ಆಗದಿದ್ದರೆ ಅರ್ಧ ಗಂಟೆಗಿಂತ ಜಾಸ್ತಿ ಕಾಯಬೇಡಿ. ಮುಂದಿನ ಕಲ್ಲಿಗೆ ಹೋಗಿ, ನೀರು ತಿರುಗಿದ ಮೇಲೆ ವಾಪಸ್ ಬನ್ನಿ.